ಹಳೇ ಕಂಪ್ಯೂಟರ್ ಗುಜರಿಗೆ ಹಾಕುವ ಮುಂಚೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಬೇಕಾದವರಿಗೆ ಒಂದು ವರ್ಷದ ಹೆಚ್ಚುವರಿ ಅವಧಿ ಅಂತ ಕೊಟ್ಟಿದ್ದಾರೆ, ಅದೂ ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ. ಅಲ್ಲಿಂದಾಚೆಗೆ ತಾಲೂಕು ಕೇಂದ್ರಗಳ ಸರ್ವೀಸ್ ಅಂಗಡಿಗಳಲ್ಲಿ ಒಂದೇ ಮಾತು ಕೇಳಿಬರುತ್ತಿದೆ: "ಈ ಮಷೀನಿಗೆ ಹನ್ನೊಂದು ಕೂರಲ್ಲ ಸಾರ್, ಹೊಸದು ತಗೊಳ್ಳಿ."

ಆ ಮಾತಿನಲ್ಲಿ ಅರ್ಧ ಸತ್ಯ ಇದೆ. ಹನ್ನೊಂದು ಕೂರುವುದಿಲ್ಲ, ನಿಜ. ಆದರೆ ಅದಕ್ಕಾಗಿ ಹೊಸದನ್ನು ತಗೊಳ್ಳಲೇಬೇಕು ಅನ್ನುವುದು ನಿಜವಲ್ಲ. ಹಳೆಯದಾಗಿರುವುದು ಒಳಗಿನ ತಂತ್ರಾಂಶ, ಕಂಪ್ಯೂಟರ್ ಅಲ್ಲ. ತಂತ್ರಾಂಶ ಬದಲಿಸಿದರೆ ಅದೇ ಡಬ್ಬ ಇನ್ನೂ ನಾಲ್ಕೈದು ವರ್ಷ ಮನೆಯ ಕೆಲಸ ಮಾಡುತ್ತದೆ. ಬದಲಿಗೆ ಹಾಕುವ ತಂತ್ರಾಂಶಕ್ಕೆ ಒಂದು ಪೈಸೆ ಕೊಡಬೇಕಿಲ್ಲ, ಕದಿಯಲೂ ಬೇಕಿಲ್ಲ. ಯಾವುದನ್ನು ಹಾಕಬೇಕು, ಯಾವುದನ್ನು ಬೇಡ ಅನ್ನಬೇಕು, ಯಾರು ಈ ಗೋಜಿಗೇ ಹೋಗಬಾರದು ಎಂಬ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿದೆ.

ಹನ್ನೊಂದು ಯಾಕೆ ಕೂರುವುದಿಲ್ಲ?

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಅಷ್ಟು ನಮ್ಮ ಬಹಳ ಮನೆಗಳ ಕಂಪ್ಯೂಟರಿನಲ್ಲಿ ಇದೆ. ತಡೆಯುವುದು ಬೇರೆ ಎರಡು ಷರತ್ತು. ಒಂದು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಎರಡು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಅಂದರೆ 2017ಕ್ಕಿಂತ ಮುಂಚೆ ತಯಾರಾದ ಬಹುತೇಕ ಯಂತ್ರಗಳು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಹೊರಗೆ.

ನಮ್ಮ ಊರುಗಳ ಮನೆಯಲ್ಲಿರುವುದು ಎಂಥ ಕಂಪ್ಯೂಟರ್? ಬೆಂಗಳೂರಿನ ಕಂಪನಿಗಳು ತೆಗೆದುಹಾಕಿ, ಎಸ್.ಪಿ. ರಸ್ತೆಯ ಅಂಗಡಿಗಳ ಮೂಲಕ ಜಿಲ್ಲೆಗೆ ಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಸರ್ಕಾರಿ ಪದವಿ ಕಾಲೇಜಿನಲ್ಲಿ ಓದುವಾಗ ಮಗಳಿಗೆ ಸಿಕ್ಕ ಲ್ಯಾಪ್‌ಟಾಪ್. ನಗರದಲ್ಲಿ ಕೆಲಸಕ್ಕಿರುವ ಮಗ ಹೊಸದು ಕೊಂಡು, ಹಬ್ಬಕ್ಕೆ ಬಂದಾಗ ಮನೆಯಲ್ಲಿ ಬಿಟ್ಟುಹೋದ ಹಳೆಯದು. ಇವುಗಳಲ್ಲಿ ಹೆಚ್ಚಿನವು ಆ ಗೆರೆಯ ಆಚೆಗೇ ಉಳಿದಿವೆ.

ಈಗ ಮುಂದೆ ಮೂರು ದಾರಿ ಇವೆ. ಮೊದಲನೆಯದು ಹೊಸದು ಕೊಳ್ಳುವುದು. ದುಡ್ಡಿದ್ದವರು ಕೊಳ್ಳಲಿ. ಆದರೆ ಒಂದು ಬೆಳೆಯ ಲಾಭವನ್ನೇ ಹಾಕಿ, ಇಲ್ಲ ಸಂಘದಲ್ಲಿ ಸಾಲ ಎತ್ತಿ, ಸ್ಕಾಲರ್‌ಶಿಪ್ ಅರ್ಜಿ ತುಂಬಲು ಮತ್ತು ಪಾಠ ನೋಡಲು ಹೊಸ ಲ್ಯಾಪ್‌ಟಾಪ್ ತರುವುದು ಸರಿಯಾದ ಲೆಕ್ಕ ಅಂತ ನನಗೆ ಅನಿಸುವುದಿಲ್ಲ.

ಎರಡನೆಯದು, ಇದ್ದ ವಿಂಡೋಸನ್ನೇ ಹಾಗೇ ಓಡಿಸುವುದು ಅಥವಾ ಅಂಗಡಿಯವರು "ಕ್ರ್ಯಾಕ್" ಮಾಡಿಕೊಟ್ಟದ್ದನ್ನು ಹಾಕಿಸಿಕೊಳ್ಳುವುದು. ನಮ್ಮಲ್ಲಿ ಹೆಚ್ಚು ಜನ ಹಿಡಿದಿರುವ ದಾರಿ ಇದೇ. ಇದರ ಅಪಾಯ ಏನು ಎಂದು 2017ರ ಮೇ ತಿಂಗಳಲ್ಲಿ ಜಗತ್ತಿಗೇ ಗೊತ್ತಾಯಿತು. ವನ್ನಾಕ್ರೈ ಎಂಬ ವೈರಸ್ ಒಂದೆರಡು ದಿನದಲ್ಲಿ ಲಕ್ಷಾಂತರ ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ನಮ್ಮ ಪಕ್ಕದ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದವು. ಆ ವೈರಸ್ ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮುಂಚೆ, ಮಾರ್ಚ್‌ನಲ್ಲೇ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದಿದ್ದವರು ಪೆಟ್ಟು ತಿಂದರು. ಇನ್ನು ಮುಂದೆ ವಿಂಡೋಸ್ 10ರಲ್ಲಿ ಸಿಗುವ ಕಿಂಡಿಗಳನ್ನು ಮುಚ್ಚುವ ಅಪ್‌ಡೇಟೇ ಬಾರದ ದಿನ ದೂರವಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಬ್ಯಾಂಕ್ ಪಾಸ್‌ವರ್ಡ್, ಆಧಾರ್ ಪ್ರತಿ, ಜಮೀನಿನ ಕಾಗದದ ಸ್ಕ್ಯಾನ್ ಎಲ್ಲ ಇರುತ್ತವೆ. ಕ್ರ್ಯಾಕ್ ಮಾಡುವ ಪುಟಾಣಿ ತಂತ್ರಾಂಶವನ್ನು ಓಡಿಸುವ ಮುಂಚೆ "ಆಂಟಿವೈರಸ್ ಆಫ್ ಮಾಡಿ" ಅನ್ನುತ್ತಾರೆ. ಹಾಗನ್ನುವವನನ್ನು ನಂಬುವುದು, ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆಗೆದಿಡಿ ಅನ್ನುವ ಅಪರಿಚಿತನನ್ನು ನಂಬಿದ ಹಾಗೆ.

ಮೂರನೆಯ ದಾರಿ ಲಿನಕ್ಸ್.

ನೀವು ಈಗಾಗಲೇ ಬಳಸುತ್ತಿರುವುದೇ

ಲಿನಕ್ಸ್ ಅಂದರೆ ಎಂಜಿನಿಯರ್‌ಗಳಿಗೆ ಮಾತ್ರ, ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಹೊಡೆಯಬೇಕು ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ನೀವು ಈ ಬರಹ ಓದುತ್ತಿರುವ ಆಂಡ್ರಾಯ್ಡ್ ಫೋನಿನ ಒಳಗೆ ಇರುವುದು ಲಿನಕ್ಸ್ ತಿರುಳೇ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆ ತಿರುಳನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೂ ಮುಂಚೆ 1983ರಲ್ಲೇ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಎಂಬ ಯೋಜನೆ ಘೋಷಿಸಿ, ತಂತ್ರಾಂಶವನ್ನು ಬಳಸುವ, ಒಳಗನ್ನು ನೋಡುವ, ತಿದ್ದುವ, ಹಂಚುವ ಹಕ್ಕು ಬಳಕೆದಾರನಿಗೆ ಇರಬೇಕು ಎಂದಿದ್ದರು. ಎರಡೂ ಸೇರಿ ಇವತ್ತಿನ ಲಿನಕ್ಸ್ ಓಎಸ್‌ಗಳಾಗಿವೆ.

ರೈತರಿಗೆ ಇದನ್ನು ವಿವರಿಸುವುದು ಸುಲಭ. ಕಂಪನಿ ಬೀಜ ಪ್ರತಿ ವರ್ಷ ಕೊಳ್ಳಬೇಕು, ಕಂಪನಿ ನಿಲ್ಲಿಸಿದರೆ ನಿಮ್ಮ ಬೆಳೆಯೂ ನಿಂತಿತು. ನಾಟಿ ಬೀಜ ನಿಮ್ಮದೇ ಕಣಜದಲ್ಲಿರುತ್ತದೆ, ನೆರೆಯವನಿಗೂ ಒಂದು ಸೇರು ಕೊಡಬಹುದು. ಮುಕ್ತ ತಂತ್ರಾಂಶ ಈ ಎರಡನೇ ಜಾತಿಯದು. ಒಂದು ಪೆನ್‌ಡ್ರೈವ್‌ನಲ್ಲಿ ತಂದು ಹತ್ತು ಮನೆಗೆ ಹಾಕಿದರೆ ಅದು ಕಳ್ಳತನ ಅಲ್ಲ. ಹಾಗೆ ಹಂಚಲೆಂದೇ ಅದನ್ನು ಮಾಡಿದ್ದಾರೆ.

ತೊಡಕು ಇರುವುದು ಆಯ್ಕೆಯಲ್ಲಿ. ಲಿನಕ್ಸ್ ಒಂದಲ್ಲ. ಅದೇ ತಿರುಳಿಗೆ ಬೇರೆ ಬೇರೆ ತಂಡಗಳು ಬೇರೆ ಬೇರೆ ಸಾಮಾನು ಸೇರಿಸಿ ನೂರಾರು ಬಗೆ ಮಾಡಿವೆ. ಅವನ್ನು ಡಿಸ್ಟ್ರೋ ಅನ್ನುತ್ತಾರೆ. ಯೂಟ್ಯೂಬ್‌ನಲ್ಲಿ ಹುಡುಕಿದರೆ ಪ್ರತಿ ವಾರ ಒಂದೊಂದು "ಬೆಸ್ಟ್" ಬರುತ್ತದೆ. ಅದನ್ನು ನೋಡಿ ಆರಿಸಬೇಡಿ. ಎರಡೇ ಪ್ರಶ್ನೆ ಕೇಳಿಕೊಳ್ಳಿ. ಇದು ಸ್ಥಿರವೇ? ಇದು ಹಗುರವೇ?

ಸ್ಥಿರ ಅಂದರೆ ಬದಲಾಗದೇ ಇರುವುದು

ಸ್ಥಿರ ಅಂದರೆ ಹ್ಯಾಂಗ್ ಆಗದಿರುವುದು ಎಂದಷ್ಟೇ ತಿಳಿಯುತ್ತೇವೆ. ಲಿನಕ್ಸ್ ಲೋಕದಲ್ಲಿ ಆ ಮಾತಿಗೆ ಇನ್ನೊಂದು ಅರ್ಥ ಇದೆ, ನಮಗೆ ಹೆಚ್ಚು ಬೇಕಾದದ್ದು ಅದೇ. ಒಮ್ಮೆ ಬಿಡುಗಡೆಯಾದ ಮೇಲೆ ವರ್ಷಗಟ್ಟಲೆ ಅದರ ಚಹರೆ, ಬಟನ್ನು, ನಡೆಯುವ ರೀತಿ ಬದಲಾಗುವುದಿಲ್ಲ. ಬರುವುದು ಹೆಚ್ಚಾಗಿ ಭದ್ರತೆಯ ತೇಪೆ ಮತ್ತು ದೋಷ ತಿದ್ದುಪಡಿ ಮಾತ್ರ.

ಇನ್ನೊಂದು ಬಗೆಯೂ ಇದೆ. ಆರ್ಚ್‌ನಂಥ ಡಿಸ್ಟ್ರೋಗಳಲ್ಲಿ ಹೊಸ ಆವೃತ್ತಿಗಳು ದಿನವೂ ಹರಿದು ಬರುತ್ತಲೇ ಇರುತ್ತವೆ. ನಗರದಲ್ಲಿ ಫೈಬರ್ ಇಂಟರ್ನೆಟ್ ಇಟ್ಟುಕೊಂಡು, ಕಂಪ್ಯೂಟರನ್ನೇ ಹವ್ಯಾಸ ಮಾಡಿಕೊಂಡವರಿಗೆ ಅದು ಸರಿ. ಫೋನಿನ ಒಂದೂವರೆ ಜಿಬಿ ದಿನದ ಡೇಟಾವನ್ನು ಇಡೀ ಮನೆ ಹಂಚಿಕೊಳ್ಳುವ ಕಡೆ ಅದು ಸಲ್ಲ. ಎರಡು ತಿಂಗಳು ಅಪ್‌ಡೇಟ್ ಮಾಡದೆ ಬಿಟ್ಟು ಆಮೇಲೆ ಒಟ್ಟಿಗೆ ಮಾಡಲು ಹೋದರೆ ಡೇಟಾ ಮುಗಿಯುತ್ತದೆ, ಕೆಲವೊಮ್ಮೆ ಕಂಪ್ಯೂಟರೂ ಮೇಲೇಳುವುದಿಲ್ಲ. ಸರಿಪಡಿಸುವವರು ಮೂವತ್ತು ಕಿಲೋಮೀಟರ್ ದೂರದಲ್ಲಿದ್ದಾಗ, ಹೊಸತನಕ್ಕಿಂತ ಕೆಡದೇ ಇರುವುದು ದೊಡ್ಡದು.

ಈ ಲೆಕ್ಕದಲ್ಲಿ ಮೊದಲು ನಿಲ್ಲುವುದು ಡೆಬಿಯನ್. 1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ ಇದನ್ನು ಯಾವ ಕಂಪನಿಯೂ ನಡೆಸುವುದಿಲ್ಲ, ಪ್ರಪಂಚದ ಬೇರೆ ಬೇರೆ ಕಡೆ ಇರುವ ಸ್ವಯಂಸೇವಕರು ನಡೆಸುತ್ತಾರೆ. ದೊಡ್ಡ ತೀರ್ಮಾನಗಳನ್ನು ಸದಸ್ಯರು ಮತ ಹಾಕಿ ಮಾಡುತ್ತಾರೆ. ಹೆಚ್ಚುಕಡಿಮೆ ಎರಡು ವರ್ಷಕ್ಕೊಂದು ಸ್ಥಿರ ಆವೃತ್ತಿ ಬರುತ್ತದೆ. ಈಗಿನದು ಡೆಬಿಯನ್ 13, 2025ರ ಆಗಸ್ಟ್ 9ರಂದು ಬಂತು. ಮೂರು ವರ್ಷ ಪೂರ್ತಿ ಬೆಂಬಲ, ಆಮೇಲೆ ಎರಡು ವರ್ಷ ದೀರ್ಘಾವಧಿ ಭದ್ರತಾ ಬೆಂಬಲ, ಒಟ್ಟು ಐದು. ಅಂದರೆ 2030ರವರೆಗೆ ಚಿಂತೆ ಇಲ್ಲ. ಈಗ ಎಂಟನೇ ಕ್ಲಾಸಿನಲ್ಲಿರುವ ಮಗು ಪಿಯುಸಿ ಮುಗಿಸುವವರೆಗೂ ಅದೇ ಪರದೆ, ಅದೇ ಮೆನು.

ಡೆಬಿಯನ್ ಮೇಲೆ ಹಿಂದೆ ಒಂದು ದೂರಿತ್ತು: ವೈಫೈ ಚಿಪ್ಪಿಗೆ ಬೇಕಾದ ಫರ್ಮ್‌ವೇರ್ ಅದರ ಜೊತೆ ಬರುತ್ತಿರಲಿಲ್ಲ, ಹಾಕಿದ ಮೇಲೆ ನೆಟ್ ಸಿಗದೆ ಜನ ಪರದಾಡುತ್ತಿದ್ದರು. ಅದು ಮುಕ್ತ ತಂತ್ರಾಂಶ ಅಲ್ಲ ಎಂಬುದೇ ಅವರ ತತ್ವದ ತೊಡಕಾಗಿತ್ತು. 2022ರಲ್ಲಿ ಸದಸ್ಯರು ಮತ ಹಾಕಿ, ಬಳಕೆದಾರರ ಅನುಕೂಲಕ್ಕೆ ಅದನ್ನೂ ಸೇರಿಸಲು ಒಪ್ಪಿದರು. 2023ರ ಡೆಬಿಯನ್ 12ರಿಂದ ಆ ಕಷ್ಟ ಬಹುಪಾಲು ಹೋಗಿದೆ.

ಎರಡನೆಯದು ಲಿನಕ್ಸ್ ಮಿಂಟ್. 2006ರಿಂದ ಇದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಯ ಮೇಲೆ ಕಟ್ಟಿದ್ದು, ಆ ಉಬುಂಟುವಿನ ಬುಡವೂ ಡೆಬಿಯನ್ನೇ. ವಿಂಡೋಸ್‌ನಿಂದ ಬಂದವರಿಗೆ ಮಿಂಟ್ ಪರಿಚಿತ ಅನಿಸುತ್ತದೆ: ಕೆಳಗೆ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ಅಪ್‌ಡೇಟ್ ಮಾಡಲು, ಡ್ರೈವರ್ ಹಾಕಲು, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಎಲ್ಲದಕ್ಕೂ ಬಟನ್ ಇದೆ. ಮಿಂಟ್ 22ಕ್ಕೆ 2029ರವರೆಗೆ ಬೆಂಬಲ.

ನನ್ನ ಸಲಹೆ ಹೀಗೆ. ಲಿನಕ್ಸ್ ಮುಟ್ಟಿ ಗೊತ್ತಿಲ್ಲದೆ ನೀವೇ ಮೊದಲ ಸಲ ಹಾಕಿಕೊಳ್ಳುತ್ತಿದ್ದರೆ ಮಿಂಟ್ ಹಾಕಿ. ಊರಿನಲ್ಲಿ ತಿಳಿದ ಹುಡುಗನೋ ಹುಡುಗಿಯೋ ನಿಮಗೆ ಹಾಕಿಕೊಟ್ಟು, ಆಮೇಲೆ ವರ್ಷಗಟ್ಟಲೆ ಯಾರೂ ಮುಟ್ಟದೆ ನಡೆಯಬೇಕು ಅಂದರೆ ಡೆಬಿಯನ್ ಹಾಕಿಸಿಕೊಳ್ಳಿ.

ನಮ್ಮದೇ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಮಾಡಿದ ಬಾಸ್ ಲಿನಕ್ಸ್ ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಬೇಡ ಅನ್ನುವುದಿಲ್ಲ, ಭಾರತೀಯ ಭಾಷೆಗಳಿಗಾಗಿ ಅದರಲ್ಲಿ ಒಳ್ಳೆಯ ಕೆಲಸ ನಡೆದಿದೆ. ಆದರೆ ಅದನ್ನೂ ಡೆಬಿಯನ್ ಮೇಲೆಯೇ ಕಟ್ಟಿದ್ದಾರೆ. ಮನೆಗೆ ಬೇಕಾದದ್ದು ಮೂಲದಲ್ಲೇ ಸಿಗುವಾಗ ನೇರವಾಗಿ ಮೂಲಕ್ಕೇ ಹೋಗುವುದು ಲೇಸು.

ಹಗುರ ಅಂದರೆ ಎಷ್ಟು ಹಗುರ?

ಒಂದೇ ಡೆಬಿಯನ್ನಿಗೆ ಹಲವು ಬಗೆಯ ಪರದೆ ಹಾಕಬಹುದು. ಅದನ್ನು ಡೆಸ್ಕ್‌ಟಾಪ್ ಅನ್ನುತ್ತಾರೆ. ಟ್ರ್ಯಾಕ್ಟರ್ ಎಂಜಿನ್ ಒಂದೇ, ಹಿಂದೆ ನೇಗಿಲು ಕಟ್ಟುತ್ತೀರೋ ಟ್ರೇಲರ್ ಕಟ್ಟುತ್ತೀರೋ ನಿಮ್ಮಿಷ್ಟ. ಗ್ನೋಮ್ ಎಂಬುದು ಚೆಂದ, ಆದರೆ ಭಾರ. ಏನೂ ತೆರೆಯದೆ ಸುಮ್ಮನೆ ಕೂತಿರುವಾಗಲೇ ಒಂದು ಜಿಬಿ ರ‍್ಯಾಮ್ ದಾಟಿ ತಿನ್ನುತ್ತದೆ. ಎಕ್ಸ್‌ಎಫ್‌ಸಿಇ ಎಂಬುದು ಸಾಮಾನ್ಯವಾಗಿ ಒಂದು ಜಿಬಿಯ ಒಳಗೇ ಇರುತ್ತದೆ. ಎಲ್‌ಎಕ್ಸ್‌ಕ್ಯೂಟಿ ಅದಕ್ಕಿಂತಲೂ ಹಗುರ.

4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ, ಯೋಚನೆ ಬೇಡ. ಮಿಂಟ್‌ನಲ್ಲೂ ಈ ಆವೃತ್ತಿ ಬೇರೆಯಾಗಿ ಸಿಗುತ್ತದೆ. 2 ಜಿಬಿ ಇದ್ದರೆ ಡೆಬಿಯನ್ ಜೊತೆ ಎಲ್‌ಎಕ್ಸ್‌ಕ್ಯೂಟಿ. ಅದಕ್ಕಿಂತ ಕಡಿಮೆ ಇದ್ದರೆ ಆಂಟಿಎಕ್ಸ್ ಅಥವಾ ಪಪ್ಪಿ ಲಿನಕ್ಸ್ ಎಂಬ ಪುಟ್ಟವು ಇವೆ, ಟೈಪಿಂಗ್ ಕಲಿಯಲು, ಹಾಡು ಕೇಳಲು ಸಾಕು. ತೀರಾ ಹಳೆಯ 32 ಬಿಟ್ ಯಂತ್ರವಾದರೆ ಡೆಬಿಯನ್ 13 ಅದಕ್ಕೆ ಇನ್‌ಸ್ಟಾಲರ್ ಕೊಡುವುದಿಲ್ಲ, ಡೆಬಿಯನ್ 12ರಲ್ಲೇ ಉಳಿಯಬೇಕು. ಅಂಥದ್ದಕ್ಕೆ ಹೆಚ್ಚು ಕಾಸು ಸುರಿಯಬೇಡಿ. ಕೋರ್ 2 ಡ್ಯುಯೋ ಮತ್ತು ಅದರ ನಂತರ ಬಂದ ಸಾಮಾನ್ಯ ಡೆಸ್ಕ್‌ಟಾಪ್‌ಗಳು 64 ಬಿಟ್.

ಆದರೆ ಇಲ್ಲಿ ಯೂಟ್ಯೂಬ್ ಪಂಡಿತರು ಹೇಳದ ಮಾತೊಂದಿದೆ. ಓಎಸ್ ಎಷ್ಟೇ ಹಗುರವಾದರೂ ವೆಬ್‌ಸೈಟ್ ಹಗುರವಲ್ಲ. ರ‍್ಯಾಮ್ ತಿನ್ನುವುದರಲ್ಲಿ ಬ್ರೌಸರೇ ಮುಂದು. 2 ಜಿಬಿ ಯಂತ್ರದಲ್ಲಿ ಒಟ್ಟಿಗೆ ಎರಡು ಮೂರು ಟ್ಯಾಬ್‌ಗಿಂತ ಹೆಚ್ಚು ತೆರೆದರೆ ಯಾವ ಲಿನಕ್ಸೂ ನಿಮ್ಮನ್ನು ಕಾಪಾಡುವುದಿಲ್ಲ. ಹಳೆಯ ಪ್ರೊಸೆಸರ್‌ಗಳಿಗೆ ಇವತ್ತಿನ ವಿಡಿಯೋ ಬಿಡಿಸುವ ಅಂಗ ಒಳಗೇ ಇರುವುದಿಲ್ಲ, ಹಾಗಾಗಿ ಪಾಠದ ವಿಡಿಯೋ 480ರಲ್ಲಿ ಇಟ್ಟುಕೊಂಡು ನೋಡಿ, ಡೇಟಾವೂ ಉಳಿಯುತ್ತದೆ.

ಖರ್ಚು ಮಾಡಲು ಸ್ವಲ್ಪ ಕಾಸಿದ್ದರೆ ಮೊದಲು ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಸಣ್ಣ ಎಸ್‌ಎಸ್‌ಡಿ ಹಾಕಿಸಿ. ಆಮೇಲೆ ರ‍್ಯಾಮ್. ಎರಡೂ ಸೇರಿದರೂ ಹೊಸ ಲ್ಯಾಪ್‌ಟಾಪಿನ ಬೆಲೆಯ ಒಂದು ಸಣ್ಣ ಪಾಲು. ಆನ್ ಮಾಡಿ ಟೀ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿದ್ದ ಕಂಪ್ಯೂಟರ್ ಅರ್ಧ ನಿಮಿಷದ ಆಸುಪಾಸಿನಲ್ಲಿ ಏಳುವುದು ಈ ಒಂದು ಬದಲಾವಣೆಯಿಂದ.

ಕನ್ನಡ ಬರುತ್ತದಾ?

ಬರುತ್ತದೆ, ಚೆನ್ನಾಗಿ ಬರುತ್ತದೆ. ಲೋಹಿತ್, ನೋಟೊ, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಇವೆ. ಟೈಪ್ ಮಾಡಲು ಐಬಸ್ ಎಂಬ ತಂತ್ರಾಂಶ ಹಾಕಿಕೊಂಡರೆ, ನುಡಿಯಲ್ಲಿ ಕಲಿತ ಕೆ.ಪಿ. ರಾವ್ ವಿನ್ಯಾಸದ ಅದೇ ಕೀಲಿಮಣೆ ಇಲ್ಲೂ ಸಿಗುತ್ತದೆ, ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ. ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್‌ಗೆ ಕನ್ನಡದ ಮೆನು ಕೂಡ ಇದೆ. ಇವು ತಾವಾಗಿ ಆದದ್ದಲ್ಲ. ಸಂಜೆ ಹೊತ್ತು ಕೂತು ಸಾವಿರಾರು ಸಾಲು ಅನುವಾದಿಸಿದ ಕನ್ನಡದ ಸ್ವಯಂಸೇವಕರ ಕೆಲಸ ಇದರ ಹಿಂದೆ ಇದೆ.

ತೊಂದರೆ ಇರುವುದು ಹಳೆಯ ನುಡಿ ಫೈಲುಗಳಲ್ಲಿ. ಯೂನಿಕೋಡ್ ಬರುವ ಮುಂಚಿನ ಆಸ್ಕಿ ಅಕ್ಷರದಲ್ಲಿ ಹೊಡೆದ ಸಂಘದ ನಡಾವಳಿ, ಮದುವೆ ಪತ್ರಿಕೆ, ಸುದ್ದಿ ಎಲ್ಲ ಇಲ್ಲಿ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಒತ್ತಕ್ಷರಗಳನ್ನು ಒಂದು ಸಲ ಕಣ್ಣಾಡಿಸಿ ತಿದ್ದಬೇಕಾಗಬಹುದು. ಈ ಕೆಲಸ ಲಿನಕ್ಸ್‌ಗಾಗಿ ಅಲ್ಲದಿದ್ದರೂ ಮಾಡಬೇಕಾದದ್ದೇ. ಆಸ್ಕಿಯಲ್ಲಿರುವ ಕನ್ನಡವನ್ನು ಗೂಗಲ್ ಹುಡುಕಲಾರದು, ಫೋನು ತೋರಿಸಲಾರದು.

ಯಾರು ಹಾಕಬಾರದು?

ಎಲ್ಲರಿಗೂ ಲಿನಕ್ಸ್ ಅನ್ನುವವನ ಮಾತು ನಂಬಬೇಡಿ. ಗ್ರಾಮ ಒನ್, ಸಿಎಸ್‌ಸಿ ಕೇಂದ್ರ ನಡೆಸುವವರು ಹಾಕಬೇಡಿ. ಹೆಬ್ಬೆಟ್ಟು ಓದುವ ಬಯೋಮೆಟ್ರಿಕ್ ಸಾಧನಗಳ ತಂತ್ರಾಂಶ ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಮಾತ್ರ ಮಾಡಿರುತ್ತಾರೆ. ಡಿಜಿಟಲ್ ಸಹಿಯ ಟೋಕನ್ ಕೂಡ ಸರ್ಕಾರಿ ಸೈಟುಗಳಲ್ಲಿ ತಕರಾರು ಮಾಡುತ್ತದೆ. ಸೊಸೈಟಿ, ಅಂಗಡಿಯ ಲೆಕ್ಕಕ್ಕೆ ಟ್ಯಾಲಿ ಬಳಸುವವರೂ ಬೇಡ, ಅದು ವಿಂಡೋಸ್‌ಗೆ ಮಾಡಿದ್ದು. ಫೋಟೊಶಾಪ್, ಪೇಜ್‌ಮೇಕರ್ ನಂಬಿದ ಡಿಟಿಪಿ ಮತ್ತು ಸ್ಟುಡಿಯೋದವರಿಗೂ ಇದು ಸದ್ಯಕ್ಕೆ ಆಗದು. ಇವರೆಲ್ಲರ ಹೊಟ್ಟೆಪಾಡು ಆ ತಂತ್ರಾಂಶದ ಮೇಲಿದೆ. ಹೊಸ ಯಂತ್ರಕ್ಕೆ ಹಾಕಿದ ಬಂಡವಾಳ ಅವರಿಗೆ ವಾಪಸ್ ಬರುತ್ತದೆ.

ಪ್ರಿಂಟರ್ ಬಗ್ಗೆಯೂ ಎಚ್ಚರ. ಹಲವು ಕಂಪನಿಗಳ ಪ್ರಿಂಟರ್‌ಗಳು ಸಿಕ್ಕಿಸಿದ ಕೂಡಲೇ ನಡೆಯುತ್ತವೆ. ಆದರೆ ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕೆಲವು ಹಳೆಯ ಸಣ್ಣ ಲೇಸರ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಬಹಳ ಗೋಳಾಡಿಸುತ್ತವೆ. ವರ್ಡ್ ಫೈಲನ್ನು ಲಿಬ್ರೆಆಫೀಸ್ ತೆರೆಯುತ್ತದೆ, ಆದರೆ ಸಾಲು ಆಚೀಚೆ ಆಗಬಹುದು, ಹೊರಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ.

ಇನ್ನುಳಿದ ಮನೆಗಳ ಕೆಲಸ ಏನು? ಭೂಮಿ ಪೋರ್ಟಲಿನಲ್ಲಿ ಪಹಣಿ ನೋಡುವುದು, ಎಸ್‌ಎಸ್‌ಪಿ ಸ್ಕಾಲರ್‌ಶಿಪ್, ಕೆಇಎ ಅರ್ಜಿ, ಸೇವಾ ಸಿಂಧು, ಮಕ್ಕಳ ಪಾಠ, ಬಯೋಡೇಟಾ, ಫೋಟೊ, ಹಾಡು, ಸಿನಿಮಾ. ಇವುಗಳಲ್ಲಿ ಹೆಚ್ಚಿನವು ಬ್ರೌಸರಿನಲ್ಲೇ ನಡೆಯುತ್ತವೆ. ಬ್ರೌಸರಿಗೆ ಕೆಳಗಡೆ ಯಾವ ಓಎಸ್ ಇದೆ ಎಂಬುದು ಇಲ್ಲಿ ಮುಖ್ಯವಾಗುವುದು ಅಪರೂಪ. ಡಿಪ್ಲೊಮಾ, ಬಿಸಿಎ ಓದುವ ಮಕ್ಕಳಿಗಂತೂ ಸಿ, ಪೈಥಾನ್, ಜಾವಾ ಕಲಿಯಲು ಲಿನಕ್ಸೇ ಅನುಕೂಲ. ಮುಂದೆ ಅವರು ಕೆಲಸಕ್ಕೆ ಸೇರುವ ಕಡೆಯ ಸರ್ವರ್‌ಗಳಲ್ಲೂ ಬಹಳ ಕಡೆ ಓಡುವುದು ಇದೇ.

"ಫೋನೇ ಸಾಕು, ಕಂಪ್ಯೂಟರ್ ಯಾಕೆ?" ಅನ್ನುವವರೂ ಇದ್ದಾರೆ. ನೋಡಲು ಫೋನು ಸಾಕು. ಮಾಡಲು ಸಾಲದು. ಆರಿಂಚು ಪರದೆಯಲ್ಲಿ ಪ್ರಾಜೆಕ್ಟ್ ವರದಿ ಬರೆಯುವ ಹುಡುಗಿ, ಕೀಲಿಮಣೆ ಮುಂದೆ ಬೆಳೆದ ನಗರದ ಮಗುವಿನ ಜೊತೆ ಅದೇ ಪರೀಕ್ಷೆ, ಅದೇ ಇಂಟರ್‌ವ್ಯೂ ಎದುರಿಸಬೇಕು. ಮೂಲೆಯಲ್ಲಿ ಧೂಳು ಹಿಡಿದ ಕಂಪ್ಯೂಟರ್ ಎದ್ದು ಕೂತರೆ ಆ ಅಂತರ ಸ್ವಲ್ಪವಾದರೂ ಕಡಿಮೆಯಾಗುತ್ತದೆ.

ಹಾಕುವ ಮುಂಚೆ ನೋಡಿ

ಲಿನಕ್ಸ್‌ನ ಒಂದು ದೊಡ್ಡ ಅನುಕೂಲ ಎಂದರೆ ಹಾಕದೆಯೇ ಓಡಿಸಿ ನೋಡಬಹುದು. 8 ಜಿಬಿ ಪೆನ್‌ಡ್ರೈವ್ ಒಂದು ಸಾಕು. ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ, ಮುಂಚೆಯೇ ತೆಗೆದಿಟ್ಟುಕೊಳ್ಳಿ. ಡೆಬಿಯನ್ ಅಥವಾ ಮಿಂಟ್‌ನ ಲೈವ್ ಫೈಲ್ ಮೂರು ಜಿಬಿಯ ಆಸುಪಾಸು ಇರುತ್ತದೆ. ಫೋನ್ ಡೇಟಾದಲ್ಲಿ ಅದು ಎರಡು ಮೂರು ದಿನದ ಕೋಟಾ, ಹಾಗಾಗಿ ವೈಫೈ ಇರುವ ಕಡೆ ಒಬ್ಬರು ಇಳಿಸಿಕೊಂಡು ಊರಿಗೆಲ್ಲ ಹಂಚುವುದು ಬುದ್ಧಿವಂತಿಕೆ.

ಇಳಿಸುವಾಗ ಅವರವರ ಅಧಿಕೃತ ಸೈಟಿನಿಂದಲೇ ಇಳಿಸಿ, ಜೊತೆಗೆ ಕೊಟ್ಟಿರುವ ಚೆಕ್‌ಸಮ್ ಎಂಬ ಉದ್ದನೆಯ ಸಂಖ್ಯೆಯನ್ನು ತಾಳೆ ನೋಡಿ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ಸೈಟಿಗೇ ಕಳ್ಳರು ನುಗ್ಗಿ, ವಿಷ ಬೆರೆಸಿದ ಫೈಲಿನ ಕಡೆಗೆ ಕೊಂಡಿ ತಿರುಗಿಸಿದ್ದರು. ಆ ತಂಡವೇ ಅದನ್ನು ಬಹಿರಂಗವಾಗಿ ಹೇಳಿ ಸರಿಪಡಿಸಿತು. ವಾಟ್ಸಾಪ್, ಟೆಲಿಗ್ರಾಂನಲ್ಲಿ ಯಾರೋ ಕಳಿಸಿದ ಫೈಲ್ ಮಾತ್ರ ಬೇಡವೇ ಬೇಡ.

ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆದು, ಕಂಪ್ಯೂಟರ್ ಆನ್ ಆಗುವಾಗ ಎಫ್12 ಅಥವಾ ಎಫ್9 ಅಥವಾ ಎಸ್ಕೇಪ್ ಒತ್ತಿ ಪೆನ್‌ಡ್ರೈವನ್ನು ಆರಿಸಿ. ಕಂಪನಿಗೊಂದು ಕೀ ಇರುತ್ತದೆ. ಒಂದು ಸಂಜೆ ಪೂರ್ತಿ ಹಾಗೇ ಓಡಿಸಿ ನೋಡಿ. ವೈಫೈ ಹಿಡಿಯಿತೇ? ಸ್ಪೀಕರ್ ಕೇಳಿಸಿತೇ? ಫೋನನ್ನು ಕೇಬಲ್ಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬಂತೇ? ಪ್ರಿಂಟರ್ ತೆಗೆದುಕೊಂಡಿತೇ? ಎಲ್ಲ ಸರಿ ಇದ್ದರೆ ಮುಂದಿನ ಹೆಜ್ಜೆ. ಇಲ್ಲದಿದ್ದರೆ ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡಿ, ನಿಮ್ಮ ವಿಂಡೋಸ್ ಇದ್ದ ಹಾಗೇ ಇರುತ್ತದೆ.

ಖಾಯಂ ಹಾಕುವ ದಿನ ಒಂದೇ ನಿಯಮ: ಫೋಟೊ, ಕಾಗದಪತ್ರ ಎಲ್ಲವನ್ನೂ ಬೇರೆ ಕಡೆ ಎರಡು ಪ್ರತಿ ಮಾಡಿಟ್ಟ ಮೇಲೆಯೇ ಶುರುಮಾಡಿ. ಲ್ಯಾಪ್‌ಟಾಪ್ ಆದರೆ ಚಾರ್ಜ್ ತುಂಬಿರಲಿ, ಡೆಸ್ಕ್‌ಟಾಪ್ ಆದರೆ ಕರೆಂಟು ನಿಲ್ಲುವ ಹೊತ್ತು ನೋಡಿಕೊಳ್ಳಿ. ಆಮೇಲೆ ದಿನದ ಬಳಕೆಯಲ್ಲಿ ಕರೆಂಟು ಹೋದರೂ ಲಿನಕ್ಸ್‌ನ ಫೈಲ್ ವ್ಯವಸ್ಥೆ ತಾನು ಮಾಡುವ ಬದಲಾವಣೆಯ ದಿನಚರಿ ಬರೆದಿಟ್ಟುಕೊಂಡಿರುವುದರಿಂದ ಬಹಳ ಸಲ ತಾನೇ ಚೇತರಿಸಿಕೊಳ್ಳುತ್ತದೆ. ಹಾಗಂತ ಪ್ಲಗ್ ಕಿತ್ತು ಆಫ್ ಮಾಡುವ ಅಭ್ಯಾಸ ಬೇಡ.

ಕೆಟ್ಟರೆ ಯಾರನ್ನು ಕೇಳುವುದು?

ಅಸಲಿ ಪ್ರಶ್ನೆ ಇದೇ. ವಿಂಡೋಸ್ ಕೆಟ್ಟರೆ ತಾಲೂಕಿನಲ್ಲಿ ಹತ್ತು ಅಂಗಡಿ ಇವೆ, ಫಾರ್ಮ್ಯಾಟ್ ಹೊಡೆದು ಕೊಡುತ್ತಾರೆ. ಲಿನಕ್ಸ್ ಅಂದರೆ ಅವರೇ "ಗೊತ್ತಿಲ್ಲ" ಅನ್ನುತ್ತಾರೆ. ಈ ದೂರು ನ್ಯಾಯವಾದದ್ದು. ಆದರೆ ಅಂಗಡಿಯವರು ಕಲಿಯದಿರುವುದು ಕೇಳುವವರಿಲ್ಲ ಅಂತ. ಕೇಳುವವರಿಲ್ಲದಿರುವುದು ಹೇಳುವವರಿಲ್ಲ ಅಂತ. ಈ ಗಂಟನ್ನು ಎಲ್ಲೋ ಒಂದು ಕಡೆಯಿಂದ ಬಿಚ್ಚಬೇಕು.

ಪಕ್ಕದ ಕೇರಳ ಬಿಚ್ಚಿ ತೋರಿಸಿದೆ. 2001ರಲ್ಲಿ ಶುರುವಾದ ಅವರ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಸರ್ಕಾರಿ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದಿತು, ಈಗ ಅದು ಕೈಟ್ ಎಂಬ ಸಂಸ್ಥೆಯಾಗಿದೆ. ಶಾಲೆಗೆಂದೇ ಉಬುಂಟು ಆಧರಿಸಿದ ಓಎಸ್ ಮಾಡಿ, ಶಿಕ್ಷಕರಿಗೆ ತರಬೇತಿ ಕೊಟ್ಟು, ಮಕ್ಕಳ ಐಟಿ ಪಾಠವನ್ನೇ ಅದರ ಮೇಲೆ ಬರೆದರು. ಅಲ್ಲಿನ ಹಳ್ಳಿ ಮಗುವಿಗೆ ಲಿನಕ್ಸ್ ವಿಚಿತ್ರ ವಸ್ತು ಅಲ್ಲ, ಶಾಲೆಯಲ್ಲಿ ನೋಡಿದ ಕಂಪ್ಯೂಟರ್ ಅಷ್ಟೆ. ಬೆಂಗಳೂರಿನಲ್ಲೂ ಮುಕ್ತ ತಂತ್ರಾಂಶ ಚಳವಳಿಯವರು ಕೊಳೆಗೇರಿಯ ಮಕ್ಕಳಿಗೆ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರದಲ್ಲಿ ಹಳೆಯ ಯಂತ್ರಗಳ ಮೇಲೆ ಇದನ್ನೇ ಕಲಿಸಿದ್ದಾರೆ. ನಮ್ಮಲ್ಲಿ ಆಗದ ಕೆಲಸ ಇದಲ್ಲ.

ಸರ್ಕಾರ ಮಾಡಲಿ ಅಂತ ಕಾಯುವುದೂ ಬೇಡ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಎಷ್ಟೋ ಕಡೆ ಕಂಪ್ಯೂಟರೂ ಇದೆ. ಅಲ್ಲಿ ಒಂದು ಪೆನ್‌ಡ್ರೈವ್‌ನಲ್ಲಿ ಡೆಬಿಯನ್, ಒಂದರಲ್ಲಿ ಮಿಂಟ್ ಇಟ್ಟರೆ, ಪುಸ್ತಕ ಒಯ್ದ ಹಾಗೆ ಜನ ಒಯ್ದು ತಂದುಕೊಡಲಿ. ಊರಿಗೊಬ್ಬ ಡಿಪ್ಲೊಮಾ ಓದಿದ ಹುಡುಗ, ಒಬ್ಬಳು ಬಿಸಿಎ ಹುಡುಗಿ ಒಂದು ಭಾನುವಾರ ಕೊಟ್ಟರೆ ಐದಾರು ಮನೆಯ ಕಂಪ್ಯೂಟರ್ ಏಳುತ್ತವೆ. ಮುಖ್ಯವಾದ ಮಾತು, ಊರಿಗೆಲ್ಲ ಒಂದೇ ಬಗೆಯದು ಹಾಕಿ. ಒಬ್ಬರ ಮನೆಯಲ್ಲಿ ಒಂದು, ಪಕ್ಕದ ಮನೆಯಲ್ಲಿ ಇನ್ನೊಂದು ಆದರೆ ಒಬ್ಬರಿಗೆ ಗೊತ್ತಾದದ್ದು ಇನ್ನೊಬ್ಬರಿಗೆ ಉಪಯೋಗಕ್ಕೆ ಬಾರದು. ಯಾವ ಡಿಸ್ಟ್ರೋ ಒಳ್ಳೆಯದು ಎಂಬ ಜಗಳಕ್ಕೆ ಕೊನೆ ಇಲ್ಲ. ನಿಮ್ಮ ಓಣಿಯಲ್ಲಿ ಸರಿಪಡಿಸಬಲ್ಲವರಿಗೆ ಯಾವುದು ಗೊತ್ತೋ ನಿಮಗೆ ಅದೇ ಒಳ್ಳೆಯದು.

ಯಾರಿಗೂ ಯಾವುದೂ ಗೊತ್ತಿಲ್ಲ, ಈಗಿನ್ನೂ ಶುರು ಅಂದರೆ ನನ್ನ ಮತ ಎಕ್ಸ್‌ಎಫ್‌ಸಿಇ ಪರದೆಯ ಡೆಬಿಯನ್ನಿಗೆ. ಅದರಲ್ಲಿ ಥಳುಕಿಲ್ಲ, ದಿನಕ್ಕೊಂದು ಹೊಸದು ಬಂದು ಕಾಡುವುದಿಲ್ಲ. ನಾಳೆ ಇದನ್ನು ಮುಚ್ಚುತ್ತೇವೆ, ಹೊಸ ಯಂತ್ರ ಕೊಳ್ಳಿ ಎಂದು ಹೇಳಲು ಅದಕ್ಕೊಬ್ಬ ಮಾಲೀಕನೂ ಇಲ್ಲ. ಗುಜರಿಯವನು ತಕ್ಕಡಿ ಹಿಡಿದು ಬಂದರೆ ಒಂದು ವಾರ ಬಿಟ್ಟು ಬಾ ಅನ್ನಿ. ಅಷ್ಟರೊಳಗೆ ಒಂದು ಪೆನ್‌ಡ್ರೈವ್ ಸಿಕ್ಕಿಸಿ ನೋಡಿ.